51 ಸೆಂಟಿನ ರಾಕೆಟ್ಟು

ಟೆನ್ನಿಸ್ ಆಟವು ಸಿರಿವಂತರ ಸೊತ್ತೆಂಬ ಭಾವನೆ ನಮ್ಮಲ್ಲಿಯೂ ಉಂಟು, ಪರದೇಶಗಳಲ್ಲಿಯೂ ಉಂಟು. ಕ್ಲಬ್ಬಿನ ಸದಸ್ಯತ್ವವೂ ಸಂಬಳದ ಶಿಕ್ಷಕನೂ ಇಲ್ಲದವನಿಗೆ ಆ ಅಂಗಳದಲ್ಲಿ ಕಾಲಿಡುವ ಯೋಗ್ಯತೆಯಿಲ್ಲವೆಂದು ಬಗೆಯುವ ಮಹನೀಯರು ಅಮೆರಿಕದ ರಿಚರ್ಡ್ ಗೊಂಜಾಲೆಸನ ಬಾಲ್ಯವನ್ನೊಮ್ಮೆ ಅವಲೋಕಿಸಬೇಕು. ಜಗತ್ತು ಆತನನ್ನು ಅರಿತಿರುವುದು ಪಾಂಚೋ ಎಂಬ ಹೆಸರಿನಿಂದ.

1928ನೆಯ ಇಸವಿ ಮೇ 9ರಂದು ಲಾಸ್ ಏಂಜಲೀಸ್ ನಗರದಲ್ಲಿ ಆತನ ಜನನ. ತಂದೆತಾಯಿಗಳು ಮೆಕ್ಸಿಕೋ ದೇಶದಿಂದ ಬಂದು ನೆಲಸಿದವರು. ತಂದೆಯು ಮನೆಗಳಿಗೆ ಬಣ್ಣ ಬಳಿದು ಏಳು ಮಕ್ಕಳ ಸಂಸಾರವನ್ನು ಸಾಗಿಸುತ್ತಿದ್ದನು. ಮಗನಿಗೆ 12 ವರ್ಷವಾದಾಗ ತಾಯಿಯು 51 ಸೆಂಟು ತೆತ್ತು ಒಂದು ರಾಕೆಟ್ಟನ್ನು ತಂದಿತ್ತಳು. ಎಕ್ಸ್‌ಪೊಸಿಷನ್ ಪಾರ್ಕಿನ ಸಾರ್ವಜನಿಕ ಅಂಗಳವೇ ಆತನ ಪಾಠಶಾಲೆ; ಇತರರ ಆಟವನ್ನು ನೋಡಿ ನೋಡಿ ಕಲಿತದ್ದೇ ಆತನ ವಿದ್ಯೆ.

ಹುಡುಗನು ಶಾಲೆಗೆ ಸರಿಯಾಗಿ ಹೋಗಲಿಲ್ಲ. ಆ ಕಾರಣದಿಂದ ಆ ಪ್ರಾಂತದ ಟೆನ್ನಿಸ್ ಅಧಿಕಾರಿಗಳು ಕಿರಿಯರ ಪಂದ್ಯಗಳಿಂದ ಅವನನ್ನು ಹೊರಗಿಟ್ಟರು. ಶಾಲೆಯ ಶಿಸ್ತನ್ನು ನಾವು ಹಳಿಯುವವರಲ್ಲ. ಆದರೆ ಒಂದು ಬಾಗಿಲಿನಿಂದ ಹೊರಬಿದ್ದ ಬಾಲಕನಿಗೆ ಇನ್ನೊಂದನ್ನೂ ಮುಚ್ಚುವುದು ತಿದ್ದುವ ಮಾರ್ಗವೇ?

ನೌಕಾಪಡೆಯ ಸೇವೆಯನ್ನು 1947ರಲ್ಲಿ ಮುಗಿಸಿ ಬಂದ ಗೊಂಜಾಲೆಸನು ಮರುವರ್ಷವೇ ಅಮೆರಿಕದ ಚಾಂಪಿಯನ್ನನಾದನು. ಆಗ ವಯಸ್ಸು ಇಪ್ಪತ್ತು. 1949ರ ಅಂತಿಮ ಪಂದ್ಯದಲ್ಲಿ ಟೆಡ್ ಶ್ರೋಡರನಿಗೆ ಮೊದಲ ಸೆಟ್ಟನ್ನು 18-16ರಿಂದಲೂ ಎರಡನೆಯದನ್ನು 6-2ರಿಂದಲೂ ಸೋತು, ಉಳಿದ ಮೂರನ್ನೂ ಗೆದ್ದು ಪದವಿಯನ್ನು ಉಳಿಸಿಕೊಂಡನು.

ಆದರೆ ಬೆಳ್ಳಿಯ ಬಟ್ಟಲಿನಿಂದ ಸಂಸಾರ ಸಾಗುವುದೆ? ಆ ವರ್ಷವೇ ಆತನು ಹಣಕ್ಕಾಗಿ ಆಡುವ ವೃತ್ತಿಯನ್ನು ಹಿಡಿದನು. ಮೊದಲ ಪ್ರವಾಸದಲ್ಲಿ ಜ್ಯಾಕ್ ಕ್ರೇಮರನು ಅವನನ್ನು 96 ಪಂದ್ಯಗಳಲ್ಲಿ ಸೋಲಿಸಿದನು. ಇವನು ಗೆದ್ದದ್ದು 27. ಆದರೂ ಎದೆಗುಂದದೆ, ಮುಂದೆ ಅಮೆರಿಕದ ವೃತ್ತಿಪರರ ಚಾಂಪಿಯನ್ ಪದವಿಯನ್ನು ಎಂಟು ಸಲ ಪಡೆದನು.

ಇಂಥವನಿಗೆ ವಿಂಬಲ್ಡನ್ನಿನ ಬಾಗಿಲು 1968ರವರೆಗೆ ಮುಚ್ಚಿತ್ತು! ದುಡಿದು ಉಣ್ಣುವುದು ಆಟದ ಗೌರವಕ್ಕೆ ಕುಂದೆಂಬುದೇ ಅದಕ್ಕೆ ಕಾರಣ. ಉಣ್ಣಲು ದುಡಿಯಬೇಕಾಗಿಲ್ಲದವರು ಮಾಡಿದ ನಿಯಮವದು. 1969ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ, ಅದೇ ಅಂಗಳದಲ್ಲಿ ತರುಣ ಚಾರ್ಲಿ ಪಸರೆಲನೊಡನೆ ಎರಡು ದಿನ, 112 ಗೇಮುಗಳ ಕಾಲ ಸೆಣಸಿ ಗೆದ್ದು ಆತನು ಉತ್ತರವಿತ್ತನು. ಯೌವನದ ಪೂರ್ಣಬಲವನ್ನು ಕಾಣುವ ಭಾಗ್ಯ ಮಾತ್ರ ವಿಂಬಲ್ಡನ್ನಿಗೆ ತಪ್ಪಿತು.

1995ರಲ್ಲಿ ಆತನು ತೀರಿಕೊಂಡನು. ಆ ತಾಯಿಯ ರಾಕೆಟ್ಟು ಫಲಿಸಿದ್ದು ಎಲ್ಲರಿಗೂ ತೆರೆದಿದ್ದ ಅಂಗಳವೊಂದು ಹತ್ತಿರದಲ್ಲಿದ್ದುದರಿಂದ. ಪೌರಸಭೆಯ ಮೈದಾನವನ್ನು ಮಾರುಕಟ್ಟೆಗೋ ಕಟ್ಟಡಕ್ಕೋ ಬಿಟ್ಟುಕೊಡುವ ಮುನ್ನ ನಮ್ಮ ನಗರಪಿತೃಗಳು ಇದನ್ನು ನೆನೆಯಲಿ.