ಗಡಿಯಾರ ಬರೆಯುವ ನಿದ್ದೆ

ನಿದ್ದೆ ಅಳೆಯುವ ಕೈಗಡಿಯಾರ ಈಗ ನಮ್ಮ ಮಾರಂಡಹಳ್ಳಿಗೂ ಬಂದಿದೆ. ಅದು ಮಿದುಳನ್ನು ನೋಡುವುದಿಲ್ಲ. ಕೈಯ ಅಲುಗಾಟವನ್ನೂ, ಹಸಿರು ಬೆಳಕು ಬಿಟ್ಟು ನಾಡಿಬಡಿತವನ್ನೂ ಗಮನಿಸಿ ನಿದ್ದೆಯನ್ನು ಅಂದಾಜು ಮಾಡುತ್ತದೆ. ಅಲುಗದೆ ಎಚ್ಚರವಾಗಿ ಮಲಗಿದ್ದರೂ ನಿದ್ದೆಯೆಂದು ಬರೆದೀತು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಅದು ಕಚ್ಚಾ ಲೆಕ್ಕ. ಆಡಿಟ್ ಆದ ಲೆಡ್ಜರ್ ಅಲ್ಲ.

ಕೊಳ್ಳುವಾಗ ಎರಡು ವಿಷಯ ವಿಚಾರಿಸಿ: ರಾತ್ರಿಯಿಡೀ ಚಾರ್ಜು ನಿಲ್ಲುತ್ತದೆಯೇ? ಹೊಸೂರಿನಲ್ಲಿ ರಾತ್ರಿಪಾಳಿ ಮಾಡುವವರ ಹಗಲುನಿದ್ದೆಯನ್ನೂ ಬರೆಯುತ್ತದೆಯೇ?

ಒಂದು ರಾತ್ರಿಯ ಅಂಕಿಗೆ ಹೆದರಬೇಡಿ. ಎರಡು ವಾರ ಮಲಗಿದ, ಎದ್ದ ಹೊತ್ತನ್ನು ನೋಡಿ. ಅಂಕಿಯ ಚಿಂತೆಯಲ್ಲೇ ನಿದ್ದೆಗೆಡುವುದಕ್ಕೆ 2017ರಲ್ಲಿ ಅಮೆರಿಕದ ಸಂಶೋಧಕರು ‘ಆರ್ಥೋಸಾಮ್ನಿಯಾ’ ಎಂದು ಹೆಸರಿಟ್ಟರು.

ಆದರೆ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದೆಯೆಂದು ಮನೆಯವರು ಹೇಳಿದರೆ, ಗಡಿಯಾರ ‘ಚೆನ್ನಾಗಿದೆ’ ಎಂದರೂ ನಂಬಿ ಕೂರಬೇಡಿ. ವೈದ್ಯರನ್ನು ಕಾಣಿ.