ತಗ್ಗಿದ ಕಾರಿನ ತಲೆಯೆತ್ತಿದ ಕಥೆ

ಸೇತುವೆಯ ಕಂಬಗಳ ಮೇಲಿನ ಭಿತ್ತಿಚಿತ್ರ ನೋಡಲೆಂದೇ ಸ್ಯಾನ್ ಡಿಯಾಗೊದ ಚಿಕಾನೊ ಪಾರ್ಕಿಗೆ ಹೋಗಿದ್ದೆ. ಅಂದು ಏಪ್ರಿಲ್ ತಿಂಗಳ ವಾರ್ಷಿಕ ಉತ್ಸವ. ನೆರಳಿನಲ್ಲಿ ಸಾಲುಗಟ್ಟಿದ್ದ ಹಳೆಯ ಷೆವರ್ಲೆ ಇಂಪಾಲಾಗಳು ಕಾಲು ಕಟ್ಟಿಹಾಕಿದವು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿದ ಕಾರು, ಬಾನೆಟ್ ಮೇಲೆ ಗ್ವಾಡಲೂಪೆಯ ಮಾತೆ ಮೇರಿಯ ಚಿತ್ರ. ಮಾಲೀಕರು ಸ್ವಿಚ್ಚು ತಟ್ಟಿದ್ದೇ ಮುಂಭಾಗ ಗಕ್ಕನೆ ಮೇಲಕ್ಕೆ ಚಿಮ್ಮಿತು. ಮಕ್ಕಳು ಕೇಕೆ ಹಾಕಿದರು, ನಾನೂ ಹಾಕಿದೆ.

ಲೋರೈಡರ್ ಎಂದು ಕರೆಯುವ ಈ ತಗ್ಗಿದ ಕಾರುಗಳ ಗುಟ್ಟೆಲ್ಲ ಡಿಕ್ಕಿಯಲ್ಲಿದೆ: ಸಾಲು ಬ್ಯಾಟರಿ, ಎಣ್ಣೆಯ ಪಂಪು. ಎರಡನೇ ಮಹಾಯುದ್ಧದ ನಂತರ ಮೆಕ್ಸಿಕನ್ ಮೂಲದ ಹುಡುಗರು ಡಿಕ್ಕಿಗೆ ಮರಳು ಮೂಟೆ ಹೇರಿ, ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುತ್ತಿದ್ದರು. ಐವತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಕಾನೂನು ತಂದಿತು: ಗಾಲಿಯ ರಿಮ್ಮಿಗಿಂತ ಕೆಳಗೆ ಕಾರಿನ ಮೈ ಇಳಿಯಕೂಡದು. 1959ರಲ್ಲಿ ರಾನ್ ಅಗಿರ್ರೆ ಎಂಬವರು ತಮ್ಮ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಬಿಡಿಭಾಗ ಕೂರಿಸಿದರು. ಪೊಲೀಸರು ಕಂಡರೆ ಕಾರು ಏಳುತ್ತಿತ್ತು, ಅವರು ಹೋದ ಮೇಲೆ ಕೂರುತ್ತಿತ್ತು. ದಂಡ ತಪ್ಪಿಸುವ ಉಪಾಯವೇ ಮುಂದೆ ಕುಣಿತವಾಯಿತು! ಸುತ್ತಲಿನವರು ವೇಗಕ್ಕೆ ದುಡ್ಡು ಸುರಿಯುತ್ತಿದ್ದಾಗ ಲೋರೈಡರ್ ಮಾಲೀಕರು ವರ್ಷಗಟ್ಟಲೆ ದುಡಿದು ಕಾರನ್ನು ತೇರಿನ ಗತ್ತಿನಲ್ಲಿ ನಡೆಸಿದರು, ಊರೆಲ್ಲ ನೋಡಲೆಂದೇ. ಜೆಸ್ಸಿ ವಲಾಡೆಸ್ ಅವರ 1964ರ ಇಂಪಾಲಾ ‘ಜಿಪ್ಸಿ ರೋಸ್’ ಮೈತುಂಬ ಗುಲಾಬಿ ಹೊತ್ತು ಟಿವಿಯಲ್ಲಿ ಮೆರೆಯಿತು. 2017ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಮನೆಯೊಳಗೆ ನಿಂತಿತು.

ಪಾರ್ಕೂ ಹಟದಿಂದಲೇ ಹುಟ್ಟಿದ್ದು. ಹೆದ್ದಾರಿ ಸೀಳಿದ ಬಡಾವಣೆಯ ನೆತ್ತಿಯ ಮೇಲೆ 1969ರಲ್ಲಿ ಕೊರೊನಾಡೊ ಸೇತುವೆ ಬಂತು. ಅದರಡಿ ಹೆದ್ದಾರಿ ಪೊಲೀಸರ ಠಾಣೆ ಕಟ್ಟಲು ಬುಲ್ಡೋಜರ್ ಬಂದಾಗ, 1970ರ ಏಪ್ರಿಲ್ 22ರಂದು, ಜನ ಅಡ್ಡ ನಿಂತರು. 12 ದಿನ ಕದಲಲಿಲ್ಲ. 1973ರಿಂದ ಕಂಬಗಳಿಗೆ ಬಣ್ಣ ಏರಿತು.

ಅಮೆರಿಕದ ಲ್ಯಾಟಿನೊ ಬದುಕನ್ನು ನಾವು ಹೆಚ್ಚಾಗಿ ಕಾದಂಬರಿಗಳಿಂದ ಅರಿಯುತ್ತೇವೆ. ಸಾಂಡ್ರಾ ಸಿಸ್ನೆರೋಸ್ ಅವರ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ (1984) ನನಗೂ ಅಚ್ಚುಮೆಚ್ಚು. ಅದರಲ್ಲೂ ಒಂದು ಹಳದಿ ಕ್ಯಾಡಿಲಾಕ್ ಇದೆ. ಓಣಿಯ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಸುತ್ತುವ ಯುವಕ ಕೊನೆಗೆ ಪೊಲೀಸರ ಕೈಗೆ ಸಿಗುತ್ತಾನೆ. ಒಳ್ಳೆಯ ಕಾರು ಏರಿದ ಕಂದುಮೈಯವನ ಮೇಲೆ ಅನುಮಾನ ಹೇಗೆ ಎರಗುತ್ತದೆಂದು ಆ ಪುಟಗಳಿಂದ ತಿಳಿದಿದ್ದೆ. ಆ ಅನುಮಾನದ ಎದುರು ಎಷ್ಟು ಅಂದವಾಗಿ ನಿಲ್ಲಬಹುದೆಂದು ತೋರಿಸಿದ್ದು ಮಾತ್ರ ಈ ಇಂಪಾಲಾಗಳು. ಇವನ್ನು ಕಲೆಯೆನ್ನದೆ ಹವ್ಯಾಸವೆಂದು ಬದಿಗಿಡುವವರ ಮಾತು ನಾನು ಒಪ್ಪಲಾರೆ.

ಪಕ್ಕದ ನ್ಯಾಷನಲ್ ಸಿಟಿಯಲ್ಲಿ ಹೀಗೆ ನಿಧಾನವಾಗಿ ಬೀದಿ ಸುತ್ತುವುದಕ್ಕೇ 1992ರಿಂದ ನಿಷೇಧವಿತ್ತು. ಲೋರೈಡರ್ ಸಂಘಗಳ ಒತ್ತಡಕ್ಕೆ ಮಣಿದು 2023ರಲ್ಲಿ ಅದನ್ನು ತೆಗೆದರು. 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಯಾವ ಊರೂ ಇಂಥ ನಿಷೇಧ ಹೇರುವಂತಿಲ್ಲ. ರಿಮ್ಮಿನ ಎತ್ತರದ ಆ ಹಳೇ ಕಟ್ಟಳೆಯೂ ಅದೇ ಕಾನೂನಿನೊಂದಿಗೆ ರದ್ದಾಯಿತು.