ಟ್ಯಾಂಕರ್ ಟ್ರ್ಯಾಕ್ಟರಿನ ಬೆನ್ನಲ್ಲಿ ಮೂರು ತೋಳು

ಬ್ಯಾಡರಹಳ್ಳಿಯ ಅಡ್ಡರಸ್ತೆಗಳಲ್ಲಿ ನೀರಿನ ಟ್ಯಾಂಕರ್ ಎಳೆದುಕೊಂಡು ಓಡಾಡುವ ಹಳೇ ಟ್ರ್ಯಾಕ್ಟರುಗಳನ್ನು ಯಾರು ತಾನೇ ನಿಂತು ನೋಡುತ್ತಾರೆ? ಪಾಯದಲ್ಲಿ ಬಂಡೆ ಸಿಕ್ಕಾಗ ಒಡೆಯಲು ಬರುವ ಕಂಪ್ರೆಸರ್ ಟ್ರ್ಯಾಕ್ಟರನ್ನಂತೂ ಕಿವಿ ಮುಚ್ಚಿಕೊಂಡೇ ದಾಟುತ್ತೇವೆ. ನಿಂತು ನೋಡಿ! ಮುಂದಿನಿಂದಲ್ಲ, ಹಿಂದಿನಿಂದ. ಎರಡು ದೊಡ್ಡ ಚಕ್ರಗಳ ನಡುವೆ ಗ್ರೀಸು, ಧೂಳು ಮೆತ್ತಿದ ಎರಡು ಕಬ್ಬಿಣದ ತೋಳುಗಳಿರುತ್ತವೆ, ಅವುಗಳ ಮೇಲೆ ನಟ್ಟನಡುವೆ ಇನ್ನೊಂದು ಕೊಂಡಿ ಇರುತ್ತದೆ. ಟ್ಯಾಂಕರಿಗೆ ಇವು ಬೇಡವೇ ಬೇಡ, ಅದಕ್ಕೆ ಕೆಳಗಿನ ಡ್ರಾಬಾರ್ ಮತ್ತು ಒಂದು ಪಿನ್ನು ಸಾಕು. ಹಾಗಾಗಿ ತೋಳುಗಳನ್ನು ಮೇಲೆತ್ತಿ ಸರಪಳಿಯಲ್ಲೋ ತಂತಿಯಲ್ಲೋ ಕಟ್ಟಿಹಾಕಿರುತ್ತಾರೆ. ಕಟ್ಟಿಹಾಕಿರುವುದು ಏನನ್ನು ಗೊತ್ತೆ? ಜಗತ್ತಿನ ಬೇಸಾಯವನ್ನೇ ಬದಲಿಸಿದ ಒಂದು ತ್ರಿಕೋನವನ್ನು!

ಎತ್ತು ಕಟ್ಟಿ ಉತ್ತವರಿಗೆ ಇದು ತಟ್ಟನೆ ಹೊಳೆಯುತ್ತದೆ. ಮರದ ನೇಗಿಲು ಹಿಡಿದ ರೈತನ ಅಂಗೈ ಸದಾ ಮೇಣಿಯ ಮೇಲಿರುತ್ತದೆ. ಮಣ್ಣು ಮೆತ್ತಗಿದ್ದರೆ ಒತ್ತುತ್ತಾನೆ, ಗಟ್ಟಿ ನೆಲ ಬಂದು ಎತ್ತು ಮುಗ್ಗರಿಸಿದರೆ ಕೈ ಸಡಿಲಿಸುತ್ತಾನೆ. ಆ ಅಂಗೈಯನ್ನು ಕಬ್ಬಿಣದಲ್ಲಿ ಮಾಡಿಟ್ಟರೆ ಹೇಗಿರುತ್ತದೋ ಈ ಮೂರು ತೋಳು ಹಾಗಿವೆ.

ಮಾಡಿಟ್ಟವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ಅವನ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯಂತೆ ಹಿಂದೆ ಎಳೆಯುತ್ತಿದ್ದವು. ಕುಳ ಬಂಡೆಗೋ ಬೇರಿಗೋ ಸಿಕ್ಕಿಬಿದ್ದರೆ ಎಂಜಿನ್ ಮಾತ್ರ ಹಿಂದಿನ ಚಕ್ರವನ್ನು ತಿರುಗಿಸಲು ಹೆಣಗುವುದನ್ನು ಬಿಡುತ್ತಿರಲಿಲ್ಲ. ಮೂತಿ ಮೇಲೆದ್ದು ಇಡೀ ಯಂತ್ರ ಚಾಲಕನ ಮೇಲೆಯೇ ಮಗುಚುತ್ತಿತ್ತು. ಪ್ರಾಣಗಳೇ ಹೋಗಿವೆ. ನೇಗಿಲನ್ನು ಟ್ರ್ಯಾಕ್ಟರಿನ ಅಂಗವಾಗಿಯೇ ಸೇರಿಸಬೇಕು ಎಂದು ಫರ್ಗ್ಯೂಸನ್ ಹಟಕ್ಕೆ ಬಿದ್ದ, 1926ರಲ್ಲಿ ಪೇಟೆಂಟ್ ಪಡೆದ.

ಅದು ನಡೆಯುವ ಬಗೆ ನೋಡಿ! ಕೆಳಗಿನ ಎರಡು ತೋಳುಗಳು ನೇಗಿಲನ್ನು ಮುಂದಕ್ಕೆ ಎಳೆಯುತ್ತವೆ, ಮಣ್ಣು ಕುಳವನ್ನು ಹಿಂದಕ್ಕೆ ತಡೆಯುತ್ತದೆ. ನಡುವೆ ಸಿಕ್ಕ ನೇಗಿಲಿನ ಮೇಲ್ತುದಿ ಮುಂದಕ್ಕೆ ವಾಲಿ ಮೇಲಿನ ಕೊಂಡಿಯನ್ನು, ಅಂದರೆ ಟಾಪ್ ಲಿಂಕನ್ನು, ಟ್ರ್ಯಾಕ್ಟರಿನ ಕಡೆಗೆ ಒತ್ತುತ್ತದೆ. ಅಲ್ಲೊಂದು ದಪ್ಪ ಸ್ಪ್ರಿಂಗ್ ಇದೆ. ಅದು ಅದುಮಿಕೊಂಡರೆ ಹೈಡ್ರಾಲಿಕ್ ವಾಲ್ವ್ ತೆರೆಯುತ್ತದೆ, ತೋಳುಗಳು ಚೂರೇ ಚೂರು ಮೇಲೇಳುತ್ತವೆ. ಮಣ್ಣಿನ ಬಿಗಿ ಕಡಿಮೆಯಾದ ಕೂಡಲೇ ಕುಳ ಮತ್ತೆ ಆಳಕ್ಕೆ ಇಳಿಯುತ್ತದೆ. ಅಂದರೆ ಮಣ್ಣು ಎಷ್ಟು ಗಟ್ಟಿ ಎಂಬುದನ್ನು ಟ್ರ್ಯಾಕ್ಟರಿಗೆ ಮಣ್ಣೇ ತಿಳಿಸುತ್ತಿದೆ! ಜೊತೆಗೆ ನೇಗಿಲಿನ ಭಾರ ಹಿಂದಿನ ಚಕ್ರಗಳ ಮೇಲೆ ಕೂತು ಹಿಡಿತ ಕೊಡುತ್ತದೆ, ಟಾಪ್ ಲಿಂಕಿನ ಒತ್ತಡ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಒಂದು ಟನ್ನಿನ ಆಸುಪಾಸಿನ ಹಗುರ ಯಂತ್ರವೂ ಆಳಕ್ಕೆ ಉಳಬಲ್ಲದು. ಸಣ್ಣ ಟ್ರ್ಯಾಕ್ಟರಿಗೆ ಬಲ ಬಂದದ್ದು ಇದರಿಂದ.

1938ರಲ್ಲಿ ಹೆನ್ರಿ ಫೋರ್ಡ್ ಇದನ್ನು ಕಣ್ಣಾರೆ ಕಂಡು, ಕಾಗದಪತ್ರವಿಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡ. ಮರುವರ್ಷವೇ ಫೋರ್ಡ್ 9ಎನ್ ಬಂತು. ಆಮೇಲೆ ಜಗಳ, ಕೋರ್ಟು, 1952ರಲ್ಲಿ 92.5 ಲಕ್ಷ ಡಾಲರಿನ ರಾಜಿ. ಅಷ್ಟರಲ್ಲಿ ಫರ್ಗ್ಯೂಸನ್‌ನ ಪುಟ್ಟ ಟಿಇ20 ಲಕ್ಷಗಟ್ಟಲೆ ಹೊಲಗಳಿಗೆ ಇಳಿದಾಗಿತ್ತು. 1958ರ ಜನವರಿ 4ರಂದು ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ತಲುಪಿದ್ದೂ ಈ ಟ್ರ್ಯಾಕ್ಟರುಗಳಲ್ಲೇ! ಫರ್ಗ್ಯೂಸನ್‌ನ ಕಂಪನಿ ಮ್ಯಾಸಿ ಹ್ಯಾರಿಸ್ ಜೊತೆ ಸೇರಿ ಮ್ಯಾಸಿ ಫರ್ಗ್ಯೂಸನ್ ಆಯಿತು. 1960ರಲ್ಲಿ ಚೆನ್ನೈಯಲ್ಲಿ ಟಾಫೆ ಕಂಪನಿ ಹುಟ್ಟಿ ಅದನ್ನು ನಮ್ಮ ಹೊಲಗಳಿಗೂ ತಂದಿತು. ಮಾಗಡಿ ರಸ್ತೆಯಲ್ಲಿ ಕೆಂಪು ಬಣ್ಣ ಮಾಸಿದ 1035 ಮ್ಯಾಸಿ ಕಂಡರೆ, ಅದು ಆ ವಂಶದ್ದೇ.

ಇನ್ನು ಪಿನ್ನುಗಳ ಲೋಕ! ಟ್ರ್ಯಾಕ್ಟರು ಯಾವ ದೇಶದ್ದಾದರೂ ಈ ಕೊಂಡಿಗಳಿಗೆ ಅಳತೆ ಗೊತ್ತುಮಾಡಿದ್ದಾರೆ. ತೀರಾ ಪುಟ್ಟವಕ್ಕೆ ಶೂನ್ಯ ಕೆಟಗರಿ, ಕೆಳಪಿನ್ನು ಸುಮಾರು 16 ಮಿಲಿಮೀಟರ್. ನಮ್ಮ ಹಳೆಯ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಕಾಣುವುದು ಒಂದನೇ ಕೆಟಗರಿ: ಕೆಳಗೆ 22, ಮೇಲೆ 19. ಎರಡನೆಯದರಲ್ಲಿ ಕೆಳಗೆ 28ಕ್ಕೂ ತುಸು ಹೆಚ್ಚು, ಮೇಲೆ 25. ಸಣ್ಣ ಪಿನ್ನಿನ ಕಲ್ಟಿವೇಟರನ್ನು ದೊಡ್ಡ ತೋಳಿಗೆ ಹಾಕಬೇಕೆ? ಬುಷ್ ಸೇರಿಸಿದರೆ ಆಯಿತು. ದೊಡ್ಡ ಪಿನ್ನು ಸಣ್ಣ ಕಣ್ಣಿಗೆ ಮಾತ್ರ ಹೋಗದು, ಉಪಕರಣದ ಪಿನ್ನನ್ನೇ ಬದಲಿಸಬೇಕು.

ಅದೇ ತೋಳುಗಳಿಗೆ ಇವತ್ತು ಪಲ್ಟಿ ನೇಗಿಲು, ನಾಳೆ ರಾಗಿ ಬಿತ್ತುವ ಕೂರಿಗೆ, ನಾಳಿದ್ದು ಮಟ್ಟ ಮಾಡುವ ಬ್ಲೇಡು! ಹಿಂದಿನಿಂದ ಹೊರಚಾಚಿದ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗಿ ರೋಟವೇಟರನ್ನೋ ಗುಂಡಿ ತೋಡುವ ಯಂತ್ರವನ್ನೋ ಓಡಿಸುತ್ತದೆ. ಹಳೆಯ ಒಂಟಿ ಕ್ಲಚ್‌ ಯಂತ್ರಗಳಲ್ಲಿ ಒಂದು ಎಚ್ಚರ ಬೇಕು: ಕ್ಲಚ್ ತುಳಿದರೆ ಚಕ್ರದ ಜೊತೆ ಪಿಟಿಒ ಕೂಡ ಎಂಜಿನ್ನಿನಿಂದ ಬಿಡಿಸಿಕೊಳ್ಳುತ್ತದೆ. ಆಗ ಹುಲ್ಲು ಕತ್ತರಿಸುವ ಸ್ಲ್ಯಾಶರಿನಂಥ ಭಾರದ ಯಂತ್ರ ತನ್ನ ಸುತ್ತಿನ ಬಲದಿಂದಲೇ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕಬಹುದು. ಅಂಥದ್ದಕ್ಕೆ ಓವರ್‌ರನ್ನಿಂಗ್ ಕ್ಲಚ್ ಹಾಕಿಸಲೇಬೇಕು.

ತಾವರೆಕೆರೆ, ಮಾಗಡಿ ಕಡೆ ಎಕರೆಯೋ ಎರಡೆಕರೆಯೋ ಉಳಿಸಿಕೊಂಡು, ಮೂಲೆಯಲ್ಲಿ ಹಳೇ ಟ್ರ್ಯಾಕ್ಟರು ನಿಲ್ಲಿಸಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಟಾಪ್ ಲಿಂಕನ್ನು ಗುಜರಿಗೆ ಹಾಕಬೇಡಿ. ತೋಳುಗಳನ್ನು ಬಿಚ್ಚಿ, ಕಣ್ಣುಗಳಿಗೆ ಗ್ರೀಸು ಹಚ್ಚಿ, ಪಿನ್ನಿನ ಅಳತೆ ತೆಗೆಯಿರಿ. ಉಪಕರಣ ಕೊಳ್ಳಲಾಗದಿದ್ದರೆ ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ಮತ್ತು ಮರದ ದಿಮ್ಮಿಯನ್ನಾಗಲಿ, ಹೂತ ಗಾಡಿಯನ್ನಾಗಲಿ ಎಳೆಯುವಾಗ ಹಗ್ಗವನ್ನು ಎಂದೂ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಬೇಡಿ. ಅಲ್ಲಿ ಕಟ್ಟಿದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಎಳೆಯುವುದು ಏನೇ ಇರಲಿ, ಡ್ರಾಬಾರಿಗೇ ಕಟ್ಟಿ.